ಪಾರ್ಸೆಲ್ ಡಬ್ಬಾನ ಗುಜರಿಗೆ ಹಾಕೋಕೆ ಮುಂಚೆ

ನಮ್ಮನೇಲಿ ಪಾರ್ಸೆಲ್ ಬಂದ ಅರ್ಧ ಗಂಟೆಗೆ ರಟ್ಟಿನ ಡಬ್ಬ ಗೇಟ್ ದಾಟಿರತ್ತೆ, ಅಮ್ಮಂಗೆ ಮನೆ ಹಾಲ್‌ನಲ್ಲಿ ಕಸ ಕಂಡ್ರೆ ಆಗಲ್ಲ. ಒಂದ್ಸಲ ಹೊಸ ಮಿಕ್ಸಿ ಬಂತು, ಮೂರನೇ ದಿನ ಚಟ್ನಿ ಜಾರ್ ಬುಡದಿಂದ ನೀರು ಸೋರೋಕೆ ಶುರು, ರಿಟರ್ನ್ ಹಾಕಿದ್ವಿ, ಪಿಕಪ್ ಹುಡುಗ ಚಪ್ಪಲಿ ಬಿಡೋಕೆ ಮುಂಚೇನೇ ಕೇಳಿದ್ದು "ಬಾಕ್ಸ್ ಎಲ್ಲಿ ಸರ್?". ಅದು ಹಳೇ ಪೇಪರ್‌ನವನ ಗಾಡೀಲಿ ಯಾವ ಏರಿಯಾ ಸುತ್ತಾ ಇತ್ತೋ ಏನೋ.

ಸೋ ಮೊದ್ಲು, ಟೇಪ್ ಕತ್ತರಿಸೋಕೆ ಮುಂಚೆ ಡಬ್ಬದ ಎಲ್ಲಾ ಕಡೆ ಫೋಟೋ ತೆಗೀರಿ, ಮೂಲೆ ಜಜ್ಜಿದ್ರೆ ಹತ್ರದಿಂದ ಇನ್ನೊಂದು, ಲೇಬಲ್‌ದೂ ಒಂದು. ಕಾಸ್ಟ್ಲಿ ಐಟಂ ಆದ್ರೆ ಬಿಚ್ಚೋದನ್ನ ನಿಲ್ಲಿಸ್ದೆ ಒಂದೇ ವಿಡಿಯೋ ಮಾಡಿ, ಮಧ್ಯ ಕಟ್ ಇದ್ರೆ ಮಾರಿದೋರು ನೆಪ ತೆಗೀತಾರೆ. ಡಬ್ಬ ಹರೀಬೇಡಿ, ಟೇಪ್ ಮಾತ್ರ ಸೀಳಿ. ಥರ್ಮೋಕೋಲ್ ಯಾವ ಕಡೆ ಹೆಂಗೆ ಕೂತಿತ್ತು ಅನ್ನೋದಕ್ಕೂ ಒಂದು ಫೋಟೋ ಇರ್ಲಿ, ವಾಪಸ್ ಪ್ಯಾಕ್ ಮಾಡುವಾಗ ಅದು ಕೂರೋದೇ ಇಲ್ಲ ನೋಡಿ.

ಹೊರಗಿನ ಕೊರಿಯರ್ ಡಬ್ಬ ಡ್ಯಾಮೇಜ್ ಆಗಿದ್ರೆ ಮಾತ್ರ ಇಟ್ಕೊಳ್ಳಿ. ಒಳಗಿನ ಕಂಪನಿ ಡಬ್ಬಾನೇ ಮುಖ್ಯ, ಸೀರಿಯಲ್ ನಂಬರ್ ಸ್ಟಿಕ್ಕರ್ ಇರೋದು ಅದ್ರಲ್ಲೇ. ಮೊಬೈಲ್ ಆದ್ರೆ *#06# ಒತ್ತಿ, ಬರೋ ಐಎಂಇಐ ನಂಬರ್ (ಆ ಫೋನಿನ ಗುರುತಿನ ನಂಬರ್) ಡಬ್ಬದ ಮೇಲಿರೋದಕ್ಕೆ ಹೊಂದತ್ತಾ ಅವತ್ತೇ ನೋಡ್ಬಿಡಿ.

ಎಷ್ಟು ದಿನ ಅಂದ್ರೆ, ಆ್ಯಪಲ್ಲಿ ಆರ್ಡರ್ ಓಪನ್ ಮಾಡಿದ್ರೆ ರಿಟರ್ನ್‌ಗೆ ಕೊನೇ ದಿನ ತೋರಿಸ್ತದೆ, ಸುಮಾರು ಐಟಂಗೆ 7 ಅಥವಾ 10 ದಿನ, ಆ ಡೇಟ್‌ನ ಡಬ್ಬದ ಮೇಲೇ ಸ್ಕೆಚ್ ಪೆನ್ನಲ್ಲಿ ಬರೆದಿಡಿ, ಅಮ್ಮಂದಿರು ಅದಕ್ಕೆ ಮರ್ಯಾದೆ ಕೊಡ್ತಾರೆ. ಎಲ್ಲಾ ಇದ್ರೂ ಸತಾಯಿಸಿದ್ರೆ 1915ಕ್ಕೆ ಫೋನ್ ಹಾಕಿ, ಗ್ರಾಹಕರ ಹೆಲ್ಪ್‌ಲೈನ್ ಅದು, ಈ ಫೋಟೋಗಳೆಲ್ಲ ಅಲ್ಲಿ ಕೆಲಸಕ್ಕೆ ಬರತ್ತೆ.

ಆ ಡೇಟ್ ಮುಗೀತಾ, ಡಬ್ಬ ಆಚೆ. ವಾರಂಟಿಗೆ ಸಾಮಾನ್ಯವಾಗಿ ಬಿಲ್ ಸಾಕು, ಸುಮ್ನೆ ಸಜ್ಜಾ ಮೇಲೆ ತುಂಬಿಸಿದ್ರೆ ಮಳೆಗಾಲದಲ್ಲಿ ಜಿರಳೆ ಸಂಸಾರ ಹೂಡ್ತದೆ. ಗುಜರಿಗೆ ಹಾಕೋಕೆ ಮುಂಚೆ ಲೇಬಲ್ ಕಿತ್ತು ಹರೀರಿ, ನಿಮ್ಮ ಹೆಸ್ರು, ಅಡ್ರೆಸ್ಸು, ಕೆಲವು ಸಲ ಫೋನ್ ನಂಬರ್ರೂ ಅದ್ರಲ್ಲೇ ಇರತ್ತೆ.

ಫ್ರಂಟ್ ಲೋಡ್ ವಾಷಿಂಗ್ ಮಷೀನ್ ತಗೊಂಡಿದ್ರೆ ಇನ್ನೊಂದು ವಿಷ್ಯ. ಇನ್‌ಸ್ಟಾಲ್ ಮಾಡೋಕೆ ಬಂದವ್ರು ಹಿಂದಿನಿಂದ ಉದ್ದುದ್ದ ಬೋಲ್ಟ್ ಬಿಚ್ಚಿ ಕೈಗೆ ಕೊಡ್ತಾರಲ್ಲ, ಸಾಗಿಸುವಾಗ ಡ್ರಮ್ ಅಲ್ಲಾಡದಂಗೆ ಹಿಡಿಯೋದು ಅವೇ, ನಾಳೆ ಮನೆ ಚೇಂಜ್ ಮಾಡುವಾಗ ಮತ್ತೆ ಹಾಕ್ಬೇಕು. ಒಂದು ಕವರ್‌ಗೆ ಹಾಕಿ ಮಷೀನ್ ಹಿಂಭಾಗಕ್ಕೇ ಟೇಪ್ ಹಚ್ಚಿ ಅಂಟಿಸ್ಬಿಡಿ, ಅಲ್ಲಿಗೆ ಯಾರ ಪೊರಕೇನೂ ಹೋಗಲ್ಲ.