ದಾವೆ ವಜಾ ಆಯಿತೇ? ಅವತ್ತೇ ನಕಲು ಅರ್ಜಿ ಹಾಕಿ

ಸರ್ಕಾರದ ಮೇಲೆ ಹೂಡಿದ ದಾವೆ ವಜಾ ಆದ ದಿನ ಶಿರಸಿ ಕೋರ್ಟಿನ ಹತ್ತಿರ ಚಹಾ ಕುಡಿಯುತ್ತ ‘ಇರ್ಲಿ ಬಿಡು, ಅಪೀಲು ಹೋದ್ರಾಯ್ತು’ ಎಂದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಹಲವರ ಅಪೀಲು ಅವಧಿ ಮೀರಿತೆಂದೇ ಬಿದ್ದುಹೋಯಿತು.

ಮೊದಲು ಆದೇಶದ ಕೊನೆಯ ಪುಟ ಓದಿ. ನೀವು ಹಾಜರಾಗದೆ ವಜಾ ಆಗಿದ್ದರೆ ಅದಕ್ಕೆ ಅಪೀಲಿಲ್ಲ. ಅದೇ ಕೋರ್ಟಿನಲ್ಲಿ 30 ದಿನದೊಳಗೆ ದಾವೆ ಮತ್ತೆ ತೆರೆಯಲು ಅರ್ಜಿ ಕೊಡಬೇಕು. ಸರ್ಕಾರದ ಮೇಲೆ ದಾವೆಗೆ ಮುನ್ನ ಕೊಡಬೇಕಾದ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ಎರಡು ತಿಂಗಳ ನೋಟಿಸು ಕೊಟ್ಟಿಲ್ಲವೆಂದು ದಾವಾಪತ್ರ ತಿರಸ್ಕೃತವಾಗಿದ್ದರೆ, ಕಾಲಮಿತಿ ಉಳಿದಿದೆಯೇ ನೋಡಿಕೊಂಡು, ನೋಟಿಸು ಕೊಟ್ಟು ಹೊಸ ದಾವೆ ಹಾಕುವುದೇ ಲೇಸು. ಸಾಕ್ಷಿ, ಪಾಟೀಸವಾಲು ಎಲ್ಲ ಮುಗಿದು ಸೋತಿದ್ದರೆ ಮಾತ್ರ ಮುಂದಿನದನ್ನು ಓದಿ.

ಜಿಲ್ಲೆಯೊಳಗಿನ ಕೋರ್ಟಿಗೆ ಅಪೀಲಾದರೆ 30 ದಿನ, ಹೈಕೋರ್ಟಿನ ಧಾರವಾಡ ಪೀಠಕ್ಕಾದರೆ 90 ದಿನ. ಎಲ್ಲಿಗೆ ಎನ್ನುವುದು ತೀರ್ಪು ಕೊಟ್ಟ ಕೋರ್ಟು ಮತ್ತು ದಾವೆಯ ಮೌಲ್ಯದ ಮೇಲೆ. ವಕೀಲರನ್ನು ಕೇಳಿ.

ಜನ ಎಡವುವುದು ಈ ದಿನಗಳ ಲೆಕ್ಕದಲ್ಲಿ. ಅಪೀಲಿಗೆ ಬೇಕಾದ ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಕಾನೂನು ಲೆಕ್ಕದಿಂದ ಬಿಡುತ್ತದೆ, ಆದರೆ ನೀವು ಅರ್ಜಿ ಹಾಕಿದ ಮೇಲಿನವನ್ನು ಮಾತ್ರ. ತೀರ್ಪಿನ ಮೇಲೆ ಕೋರ್ಟು ವಿಧ್ಯುಕ್ತವಾಗಿ ಬರೆಯುವ ಆದೇಶವೇ ಡಿಕ್ರಿ. ‘ಡಿಕ್ರಿ ಇನ್ನೂ ತಯಾರಾಗ್ಲಿಲ್ಲ, ಆದ್ಮೇಲೆ ಅರ್ಜಿ ಹಾಕ್ತೆ’ ಎಂದು ಕುಳಿತರೆ ಆ ದಿನಗಳು ನಿಮ್ಮ ಅವಧಿಯಲ್ಲೇ ಖರ್ಚಾಗುತ್ತವೆ. ಕೋರ್ಟು ಡಿಕ್ರಿ ಬರೆಯಲು ಎಷ್ಟೇ ತಡ ಮಾಡಿರಲಿ, ನಿಮ್ಮ ಅರ್ಜಿ ಬೀಳುವ ಮುನ್ನಿನ ಒಂದು ದಿನವೂ ಸಿಗುವುದಿಲ್ಲ.

ಜೂನ್ 3ಕ್ಕೆ ತೀರ್ಪು ಎನ್ನಿ. ಆ ದಿನ ಬಿಟ್ಟು ಎಣಿಸಿದರೆ 30 ದಿನ ಜುಲೈ 3ಕ್ಕೆ ಮುಗಿಯುತ್ತದೆ. ಜೂನ್ 10ಕ್ಕೆ ಅರ್ಜಿ, 24ಕ್ಕೆ ನಕಲು ತಯಾರು: 15 ದಿನ ಸೇರಿ ಜುಲೈ 18. ನಮ್ಮ ಕುಮಟೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ರೈತರೊಬ್ಬರು ನಕಲು ತಯಾರಾದ ಮೇಲೂ ಗದ್ದೆ ನೆಟ್ಟಿಯೆಂದು ಹನ್ನೊಂದು ದಿನ ಬಿಟ್ಟು ಹೋಗಿ ತಂದು, ಆ ಹನ್ನೊಂದನ್ನೂ ಸೇರಿಸಿಕೊಂಡಿದ್ದರು. ಅವು ಸೇರುವುದಿಲ್ಲ. ನಕಲಿನ ಹಿಂಬದಿಯ ಠಸ್ಸೆಯಲ್ಲಿ ಅರ್ಜಿ, ತಯಾರಿ, ವಿತರಣೆ ಮೂರೂ ತಾರೀಖು ಇರುತ್ತವೆ. ಎದುರಿನ ವಕೀಲರು ಮೊದಲು ತಿರುವಿ ನೋಡುವುದು ಅದನ್ನೇ. ವಾಟ್ಸಾಪಿನಲ್ಲಿ ಬಂದ ತೀರ್ಪಿನ ಫೋಟೊ ಓದಲಿಕ್ಕಷ್ಟೇ.

ತಡವಾಗಿದ್ದರೆ ಮನ್ನಾ ಅರ್ಜಿಯನ್ನು ಅಪೀಲಿನ ಜೊತೆಗೇ ಕೊಡಿ. ‘ಅನಾರೋಗ್ಯದ ನಿಮಿತ್ತ’ ಎಂದೊಂದು ಸಾಲು ಗೀಚಿದರೆ ಸಾಲದು. ಆಸ್ಪತ್ರೆ ಚೀಟಿ, ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದ ಸುದ್ದಿ, ಏನಿದೆಯೋ ಲಗತ್ತಿಸಿ.

ಅಪೀಲು ಮೆಮೊ ಬರೆಯುವಾಗ ಟೈಪಿಂಗ್ ಅಂಗಡಿಯ ಸಿದ್ಧ ನಮೂನೆ ಬೇಡ. ಅದರ ‘ತೀರ್ಪು ಕಾನೂನಿಗೂ ಸಾಕ್ಷ್ಯಕ್ಕೂ ವಿರುದ್ಧ’ ಎಂಬ ಸಾಲು ಎಲ್ಲ ಅಪೀಲಿನಲ್ಲೂ ಇದ್ದದ್ದೇ. ‘ನಿ.ಪಿ. 4 (ವಾದಿಯ ನಾಲ್ಕನೇ ದಾಖಲೆ) ಸರ್ವೆ ನಕಾಶೆಯಲ್ಲಿ ಚರಂಡಿ ನಮ್ಮ ಗಡಿಯೊಳಗಿದೆ, ತೀರ್ಪಿನಲ್ಲಿ ಅದರ ಪ್ರಸ್ತಾಪವೇ ಇಲ್ಲ’ ಎಂಬಂಥ ನಾಲ್ಕೇ ಕಾರಣ ಸಾಕು. ಕೋರ್ಟು ಫೀ, ವಕಾಲತ್ತು ವಕೀಲರು ನೋಡಿಕೊಳ್ಳುತ್ತಾರೆ.

ಇನ್ನೊಂದು. ವಜಾ ತೀರ್ಪಿಗೆ ‘ಸ್ಟೇ’ ತಂದರೆ ಸರ್ಕಾರದ ಜೆಸಿಬಿ ನಿಲ್ಲುವುದಿಲ್ಲ. ದಾವೆಯ ಖರ್ಚಿನ ಆದೇಶ ಬಿಟ್ಟರೆ ಜಾರಿಯಾಗುವಂಥದ್ದು ಆ ತೀರ್ಪಿನಲ್ಲಿ ಏನೂ ಇಲ್ಲ. ಅಪೀಲಿನ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಬೇರೆ ಅರ್ಜಿ ಕೊಡಿ, ಜಾಗದ ಈಗಿನ ಸ್ಥಿತಿಯ ಫೋಟೊ ಅದಕ್ಕೆ ಹಚ್ಚಿ.