ಅವರ ಚುಕ್ಕಿ ಮುಟ್ಟದೆ ಬರೆದ ಕಣ

ಆಸ್ಟ್ರೇಲಿಯಾಕ್ಕೆ ಬಂದ ನಮ್ಮಂಥ ಚಿತ್ರಕಾರರಿಗೆ ಇಲ್ಲಿನ ಮೂಲನಿವಾಸಿಗಳಾದ ಅಬಾರಿಜಿನಲ್ ಜನರ ಚುಕ್ಕಿ ಚಿತ್ರ ನೋಡಿದರೆ ಕೈ ತುರಿಸುತ್ತದೆ. 'ಅರೆ, ನಮ್ಮ ಚುಕ್ಕಿ ರಂಗೋಲಿ ಅಲ್ವಾ ಇದು' ಅನ್ನುತ್ತೇವೆ. ಅಲ್ಲ. ರಂಗೋಲಿಯಲ್ಲಿ ಚುಕ್ಕಿ ಮೊದಲು, ಎಳೆ ಆಮೇಲೆ. ಚುಕ್ಕಿ ಕೈಗೆ ದಾರಿ ತೋರಿಸುತ್ತದೆ. ಈ ಚುಕ್ಕಿ ಚಿತ್ರಗಳು ಶುರುವಾದ ಮರುಭೂಮಿಯ ಊರು ಪಾಪುನ್ಯಾದ ಕತೆ ಬೇರೆ. 1971ರಲ್ಲಿ ಅಲ್ಲಿನ ಹಿರಿಯರು ಮರಳಿನ ಮೇಲೆ, ಮೈಮೇಲೆ ಬರೆಯುತ್ತಿದ್ದದ್ದನ್ನು ಹಲಗೆಗೆ ತಂದರು. ಹೊರಗಿನವರು ನೋಡಬಾರದ ಗುರುತುಗಳೂ ಅದರಲ್ಲಿ ಬಂದವು, ಅವರವರಲ್ಲೇ ತಕರಾರು ಎದ್ದಿತು. ಆಮೇಲೆ ಚುಕ್ಕಿಗಳು ಜಾಸ್ತಿಯಾಗಲು ಅದೂ ಒಂದು ಕಾರಣ. ಆ ಗುರುತುಗಳನ್ನು ಮುಚ್ಚಲೆಂದು ಇಟ್ಟ ಚುಕ್ಕಿಯನ್ನು ಅಂದಕ್ಕೆಂದು ಎತ್ತಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಇದರಲ್ಲಿ ಕೈಹಾಕಿದವರು ಮುಂಚೆಯೂ ಇದ್ದರು. ಬಿಳಿಯ ಚಿತ್ರಕಾರ ಇಮಾಂಟ್ಸ್ ಟಿಲ್ಲರ್ಸ್ 1985ರಲ್ಲಿ ಪಾಪುನ್ಯಾದ ಕಲಾವಿದ ಮೈಕೆಲ್ ನೆಲ್ಸನ್ ಜಗಮಾರಾ ಅವರ ಚಿತ್ರವನ್ನು ಒಪ್ಪಿಗೆ ಇಲ್ಲದೆ ತಮ್ಮದರಲ್ಲಿ ಸೇರಿಸಿಕೊಂಡರು. 1990ರಲ್ಲಿ ಅಬಾರಿಜಿನಲ್ ಮೂಲದ ಗಾರ್ಡನ್ ಬೆನೆಟ್ ಅದಕ್ಕೆ ಚಿತ್ರ ಬರೆದೇ ಉತ್ತರ ಕೊಟ್ಟರು. ಮುಂದೆ ಟಿಲ್ಲರ್ಸ್, ಜಗಮಾರಾ ಜೊತೆಯಾಗಿಯೇ ಕೆಲಸ ಮಾಡಿದರು. ಇನ್ನೊಬ್ಬ ಬಿಳಿಯ ಚಿತ್ರಕಾರ ಟಿಮ್ ಜಾನ್ಸನ್ ಅವರಂತೂ ಪಾಪುನ್ಯಾಕ್ಕೆ ಹೋಗಿ, ಅಲ್ಲಿನವರನ್ನು ಕೇಳಿ, ಅವರೊಡನೆ ಒಂದೇ ಕ್ಯಾನ್ವಾಸಿನಲ್ಲಿ ಬರೆದವರು.

ನಾನು ಹೋದದ್ದು ಯುಯೆಂಡುಮುಗೆ, ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 300 ಕಿಲೋಮೀಟರ್ ದೂರ. ವಾರ್ಲ್‌ಪಿರಿ ಅನ್ನುವ ಅಬಾರಿಜಿನಲ್ ಜನರ ಊರು. ಅಲ್ಲಿನ ಕಲಾಕೇಂದ್ರದಲ್ಲಿ ಬಣ್ಣ ಕಲಸುವುದು, ಬ್ರಷ್ ತೊಳೆಯುವುದು ನನ್ನ ಕೆಲಸ. ಕಲಾವಿದರು ಕ್ಯಾನ್ವಾಸ್ ನೆಲಕ್ಕೆ ಹಾಸಿ, ಕಾಲು ಮಡಚಿ ಅಂಚಿಗೆ ಕೂತು ಬರೆಯುತ್ತಾರೆ. ಬಿದಿರುಕಡ್ಡಿಯ ತುದಿ ಒಮ್ಮೆ ಅದ್ದಿದರೆ ನಾಲ್ಕೈದು ಚುಕ್ಕಿ. ಮೊದಲಿನದು ದಪ್ಪ, ಕೊನೆಯದು ಸಣ್ಣ. ಮತ್ತೆ ಅದ್ದು. ಒಂದು ಕಡೆ ತುಂಬಿದರೆ ಎದ್ದು ಇನ್ನೊಂದು ಅಂಚಿಗೆ. ಮೇಲೆ, ಕೆಳಗೆ ಅನ್ನುವುದೇ ಇಲ್ಲ. ನಡುವೆ ನಾಯಿಗಳ ಓಡಾಟ ಬೇರೆ. ಲಾಳದಂಥ ಗುರುತು ಅಂದರೆ ಕೂತ ಮನುಷ್ಯ. ಮರಳಲ್ಲಿ ಕೂತು ಎದ್ದಾಗ ಉಳಿಯುವ ಅಚ್ಚು ಅದು.

ಹಾಗಾದರೆ ನಮ್ಮ ನೆಲದಲ್ಲಿ ಅಚ್ಚು ಬಿಡುವುದು ಯಾವುದು? ನನಗೆ ಹೊಳೆದದ್ದು ತುಮಕೂರು ಕಡೆಯ ಅಜ್ಜಿಮನೆಯ ರಾಗಿ ಕಣ. ನಡುವೆ ಮೇಟಿ, ಸುತ್ತ ಎತ್ತುಗಳು ತುಳಿದ ಜಾಡು. ಮೇಲಿನಿಂದ ನೋಡಿದಂತೆ ಇದ್ದಿಲಲ್ಲಿ ಬರೆದರೆ, ನೀರಿನ ನೆಲೆಗೆ ಅವರು ಹಾಕುವ ಸುತ್ತುಗಳ ಥರಾನೇ ಆಯಿತು! ಪಕ್ಕದಲ್ಲಿದ್ದ ಹಿರಿಯ ಕಲಾವಿದೆ ಬಗ್ಗಿ ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ. "ಇದು ಯಾರ ಕತೆ?" ಅಂದರು.

ನಮ್ಮಮ್ಮನ ತವರಿನದು ಅಂದೆ.

"ಹಾಗಾದರೆ ನೀನು ಕುರ್ದುಂಗುರ್ಲು. ಮಾವನನ್ನು ಕೇಳು."

ವಾರ್ಲ್‌ಪಿರಿಯವರಲ್ಲಿ ಅಪ್ಪನ ಕಡೆಯ ಕತೆಗೆ ನೀವು ಒಡೆಯರು, ಅದು ಕಿರ್ದ. ಅಮ್ಮನ ಕಡೆಯದಕ್ಕೆ ಕಾವಲು, ಅದು ಕುರ್ದುಂಗುರ್ಲು. ಒಡೆಯರು ಆಚರಿಸಿದ್ದು ಸರಿಯಾಗಿದೆಯಾ ಅಂತ ಕಾವಲಿನವರು ನೋಡಿಕೊಳ್ಳಬೇಕು. ಒಬ್ಬರೇ ಏನೂ ಮಾಡುವಂತಿಲ್ಲ.

ಸೋದರಮಾವನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು. "ಏನವ್ವಾ, ಕಣ ಅಂತೀಯ, ರಾಗಿ ತೂರೋದೆಲ್ಲಿ? ಹೊಟ್ಟು ಹಾರೋಕೆ ಜಾಗ ಬೇಡ್ವಾ?"

ನನ್ನ ಚಿತ್ರ ಅವರದರಿಂದ ಬೇರೆಯಾದದ್ದು ಅಲ್ಲೇ. ಸುತ್ತನ್ನು ಒಂದು ಕಡೆ ಒಡೆದೆ. ಅಲ್ಲಿಂದ ಹೊಟ್ಟು ಬೀಸಣಿಗೆಯಂತೆ ಹರಡಿ ಕ್ಯಾನ್ವಾಸಿನ ಮೂಲೆಗೆ ಹೋಯಿತು. ಸಗಣಿ ಸಾರಿಸಿದ ನೆಲದ ಬಣ್ಣಕ್ಕೆ ಹಳದಿ ಓಕರ್‌ಗೆ ಚೂರೇ ಚೂರು ಕಪ್ಪು ಬೆರೆಸಿದೆ. ಮಂಕು ಹಸಿರು ಬರುತ್ತದೆ. ಅದು ಹಸಿ ಇರುವಾಗಲೇ ಕಡ್ಡಿಪೊರಕೆಯಲ್ಲಿ ಅರ್ಧವೃತ್ತವಾಗಿ ಎಳೆದೆ. ಇಡೀ ಚಿತ್ರದಲ್ಲಿ ಒಂದೂ ಚುಕ್ಕಿ ಇಲ್ಲ. ಈಗ ಅದನ್ನು ಯಾರೂ ಅವರ ಚಿತ್ರ ಅಂದುಕೊಳ್ಳುವ ಹಾಗಿಲ್ಲ.

ಆ ಹಿರಿಯ ಕಲಾವಿದೆ ತಮ್ಮ ಅಪ್ಪನ ಕಡೆಯ ಕತೆಯನ್ನು ಬೇರೆ ಕ್ಯಾನ್ವಾಸಿನಲ್ಲಿ ಬರೆದರು. ಪ್ರದರ್ಶನದಲ್ಲಿ ಎರಡೂ ಅಕ್ಕಪಕ್ಕ ಇದ್ದವು. ಎರಡು ಹೆಸರು, ಎರಡು ಬೆಲೆ. ಅವರ ದುಡ್ಡು ಕಲಾಕೇಂದ್ರದ ಮೂಲಕ ಅವರಿಗೇ. ಜೋಡಿ ಚಿತ್ರ ಅಂತ ಒಂದೇ ಬೆಲೆ ಹಾಕಿದರೆ ಬೇಗ ಹೋಗುತ್ತದೆ ಅಂತ ಗ್ಯಾಲರಿಯವರು ಹೇಳಿದ್ದರು. ನಾವಿಬ್ಬರೂ ಒಪ್ಪಲಿಲ್ಲ.

ಇಲ್ಲಿನ ಕನ್ನಡದ ಗೆಳೆಯರು ಈಗಲೂ ಹಬ್ಬಕ್ಕೆ 'ಡಾಟ್ ಸ್ಟೈಲಲ್ಲಿ ಒಂದು ಗಣಪತಿ ಬರ್ಕೊಡಿ' ಅಂತ ಕೇಳುತ್ತಾರೆ. ಬರೆದುಕೊಡಲ್ಲ. ಚುಕ್ಕಿಯದೇ ಬೇಕಾದರೆ ಕಲಾಕೇಂದ್ರದಿಂದ ಅವರದೇ ಚಿತ್ರ ಕೊಳ್ಳಿ ಅನ್ನುತ್ತೇನೆ. ಸಣ್ಣ ಅಳತೆಯವೂ ಸಿಗುತ್ತವೆ, ಯಾರು ಬರೆದದ್ದು, ಯಾವ ಕತೆ ಅನ್ನುವ ಚೀಟಿಯ ಸಮೇತ.