ಇಂಗ್ಲೆಂಡಿನ ಇಂಟರ್‌ನ್ಯಾಷನಲ್ ಬಿಸಿನೆಸ್ ಎಂಎಸ್ಸಿ: ಹೆಂಗ ಕಲಸ್ತಾರ, ಮಾರ್ಕ್ಸ್ ಹೆಂಗ ಹಾಕ್ತಾರ

ವಿಜಯಪುರದಾಗ ಬಿಕಾಂ ಮುಗಿಸಿ ಇಂಗ್ಲೆಂಡಿನ್ಯಾಗ ಎಂಎಸ್ಸಿ ಮಾಡಿ ಬಂದೀನಿ, ನಮ್ಮ ಕಡೆ ಹುಡುಗ್ರು ಫೋನ್ ಮಾಡಿ ಕೇಳ್ತಾನ ಇರ್ತಾರ, ಅದಕ್ಕ ಒಮ್ಮೆ ಎಲ್ಲಾ ಬರದ ಬಿಡ್ತೀನಿ.

ಒಟ್ಟ 180 ಕ್ರೆಡಿಟ್. ನನ್ನ ಕೋರ್ಸಿನಾಗ 120 ಮಾಡ್ಯೂಲಿಗೆ (ಅಂದ್ರ ವಿಷಯಗಳಿಗೆ), 60 ಡಿಸರ್ಟೇಷನ್ನಿಗೆ (ದೊಡ್ಡ ಸಂಶೋಧನಾ ಪ್ರಬಂಧಕ್ಕ). ನೂರಕ್ಕ 50 ಬಂದ್ರ ಪಾಸ್, 60ಕ್ಕ ಮೆರಿಟ್, 70ಕ್ಕ ಡಿಸ್ಟಿಂಕ್ಷನ್. ಇಲ್ಲಿ 85 ತಗೊಂಡವ್ರು ಅಲ್ಲಿ 62 ನೋಡಿ ಗಾಬ್ರಿ ಆಗಬ್ಯಾಡ್ರಿ, ಅದು ಚೊಲೋ ಮಾರ್ಕ್ಸ್.

ಲೆಕ್ಚರ್ ಸ್ಲೈಡ್ ರೂಮಿನ್ಯಾಗ ಕುಂತೂ ಓದಬಹುದು, ಖರೇ ಕಲಿಯೂದು ಸೆಮಿನಾರಿನಾಗ, ಅಂದ್ರ ಸಣ್ಣ ಗುಂಪಿನಾಗ ಕುಂತು ಚರ್ಚೆ ಮಾಡೂ ಕ್ಲಾಸಿನಾಗ. ದೇಶದಿಂದ ದೇಶಕ್ಕ ಮಾಲು ಮಾರೂವಾಗ ಖರ್ಚು, ಲುಕ್ಸಾನ ಎಲ್ಲೀತನಕ ಯಾರದು ಅಂತ ಹೇಳೂ ಇನ್‌ಕೋಟರ್ಮ್ಸ್ 2020 ಅಂತ 11 ರೂಲ್ಸ್ ಅದಾವಲ್ಲ, ಅವುದರ ಸೆಮಿನಾರ್ ಇದ್ದ ದಿನ ನಾ ನಮ್ಮ ತಿಕೋಟಾ ಕಡೆ ಒಣದ್ರಾಕ್ಷಿ ಉದಾಹರಣೆ ಕೊಟ್ಟೆ, ಮಾಲು ಕಂಟೇನರಿಗೆ ತುಂಬಿ ಮುಂಬೈ ಹತ್ರದ ನ್ಹಾವಾ ಶೇವಾ ಪೋರ್ಟಿಗೆ ಕಳಸೂದು, ರೇಟ್ ಎಫ್‌ಒಬಿ (ಹಡಗಿಗೆ ಏರಿಸಿ ಕೊಡೂ ರೂಲ್) ಅಂತ. ಮೇಡಂ ಕೇಳಿದ್ರು, ಟರ್ಮಿನಲ್‌ದಾಗ ಒಪ್ಪಿಸಿದ ಮ್ಯಾಲೆ ಹಡಗಿಗೆ ಏರೂ ಮುಂಚೆ ಮಾಲು ಹಾಳಾದ್ರ ಲುಕ್ಸಾನ ಯಾರದು? ಎಫ್‌ಒಬಿ ಇದ್ರ ಮಾರಿದವಂದ, ಕಂಟೇನರ್ ಆಗ್ಲೇ ಅವನ ಕೈಬಿಟ್ಟು ಹೋಗಿದ್ರೂ. ಅದಕ್ಕ ಕಂಟೇನರ್ ಮಾಲಿಗೆ ಎಫ್‌ಸಿಎ ಅನ್ನೂ ಇನ್ನೊಂದ ರೂಲ್ ಸರಿ, ಟರ್ಮಿನಲ್‌ದಾಗ ಒಪ್ಪಿಸಿದ ಕೂಡ್ಲೆ ಜವಾಬ್ದಾರಿ ತಗೊಳ್ಳಾಂವಂಗ ಹೋಗ್ತದ. ಒಂದ ತಾಸು ಇದರ ಮ್ಯಾಲೇ ವಾದ ನಡೀತು, ಎಂಥಾ ಖುಷಿ ಆತು ಅಂತೀರಿ!

ಅಸೈನ್‌ಮೆಂಟ್ ಅಂದ್ರ ಹೆಚ್ಚಾಗಿ ಎಸ್ಸೆ, ರಿಪೋರ್ಟ್, ಗ್ರೂಪ್ ಪ್ರೆಸೆಂಟೇಷನ್, ಒಂದೆರಡ ಮಾಡ್ಯೂಲಿಗೆ ಪರೀಕ್ಷಾ. ಗ್ರೂಪಿನಾಗ ಯಾರ ಎಷ್ಟ ಕೆಲಸ ಮಾಡಿದ್ರು ಅಂತ ನಾವ ಒಬ್ಬರಿಗೊಬ್ಬರು ಮಾರ್ಕ್ಸ್ ಹಾಕೂದೂ ಇತ್ತು. ಎಸ್ಸೆದಾಗ ಥಿಯರಿ ಚೆಂದಾಗಿ ಬರದ್ರ ಪಾಸ್ ಅಷ್ಟ. ಎರಡ ದೇಶದ ನಡುವಿನ ಅಂತರ ಅಳಿಯಾಕ ಪ್ರೊಫೆಸರ್ ಪಂಕಜ್ ಗೆಮಾವತ್ ಮಾಡಿದ ಕೇಜ್ ಮಾಡೆಲ್ ತಗೊಳ್ರಿ, ಸಂಸ್ಕೃತಿ, ಆಡಳಿತ, ಭೂಗೋಳ, ಆರ್ಥಿಕತೆ ಅಂತ ನಾಕ ದೂರ. ನಾಕೂ ವಿವರಿಸಿದ ಪ್ಯಾರಾಕ್ಕ ಬಾಜೂಕ "ಹಂಗಾದ್ರ ಏನು?" ಅಂತ ಕಾಮೆಂಟ್ ಬರ್ತದ. ದುಬೈಗೆ ಒಣದ್ರಾಕ್ಷಿ ಮಾರೂವ್ಗ ಇವುದ್ರಾಗ ಯಾವ್ದು ಜಾಸ್ತಿ ತೊಂದ್ರಿ ಕೊಡ್ತದ, ಯಾಕ, ಈ ಮಾಡೆಲ್ ಎಲ್ಲಿ ಸಾಲೂದಿಲ್ಲ, ಇದನ್ನ ಆಧಾರ ಕೊಟ್ಟು ವಾದ ಮಾಡಿದ್ರ 70ರ ದಾರಿ. ಮಾರ್ಕಿಂಗ್ ರೂಬ್ರಿಕ್ (ಮಾರ್ಕ್ಸ್ ಯಾವುದಕ್ಕ ಹಾಕ್ತಾರ ಅನ್ನೂ ಪಟ್ಟಿ) ಮೊದಲೇ ಕೊಟ್ಟಿರ್ತಾರ, ಬರಿಯೂ ಮುಂಚೆ ಅದನ್ನ ಓದ್ರಿ, ದಯವಿಟ್ಟು.

ಡಿಸರ್ಟೇಷನ್ನಿಗೆ ಊರಿನ ರೈತರನ್ನ, ವ್ಯಾಪಾರಸ್ಥರನ್ನ ಇಂಟರ್‌ವ್ಯೂ ಮಾಡೂದಿದ್ರ ಎಥಿಕ್ಸ್ ಅಪ್ರೂವಲ್ (ಜನರನ್ನ ಪ್ರಶ್ನೆ ಕೇಳಾಕ ಯೂನಿವರ್ಸಿಟಿ ಕೊಡೂ ಪರವಾನಗಿ) ಬರೂತನಕ ಒಬ್ಬರನ್ನೂ ಮಾತಾಡಿಸೂ ಹಂಗಿಲ್ಲ. ಆ ಫಾರ್ಮ್ ಜಲ್ದಿ ಹಾಕ್ರಿ, ಕನ್ನಡದಾಗ ಕೇಳೂ ಪ್ರಶ್ನೆ, ಇಂಟರ್‌ವ್ಯೂ ಕೊಡವ್ರ ಒಪ್ಪಿಗೆ ಪತ್ರ ಎರಡೂ ಕೂಡಿಸೇ ಕಳಸ್ರಿ.